ನಾಲ್ಕು ಕಡ್ಡಿ ಇದ್ದೂ ಹೋಗದ ಕರೆ

2023ರಲ್ಲಿ ನಾನು ಒಂದು ಮೊಬೈಲ್ ಸಂಸ್ಥೆಯ ನೆಟ್‌ವರ್ಕ್ ವಿಭಾಗದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಆರ್‌ಎಫ್ ಇಂಜಿನಿಯರ್ ಆಗಿದ್ದೆ. ಆರ್‌ಎಫ್ ಎಂದರೆ ರೇಡಿಯೋ ಫ್ರೀಕ್ವೆನ್ಸಿ. ಟವರ್ ಕಟ್ಟುವವರು ಬೇರೆ, ಅದರ ಜನರೇಟರಿಗೆ ಡೀಸೆಲ್ ಹಾಕುವವರು ಬೇರೆ. ಟವರಿಗೂ ಫೋನಿಗೂ ನಡುವೆ ಗಾಳಿಯಲ್ಲಿ ಏನು ನಡೆಯುತ್ತದೆ ಎಂದು ನೋಡುವುದು ನನ್ನ ಪಾಲಿನ ಕೆಲಸ. ಬಾಳಗಡಿಯಲ್ಲಿ ನಮ್ಮದೊಂದು ಸಣ್ಣ ಕಚೇರಿ, ಒಂದು ಹಳೆಯ ಜೀಪು, ಜೊತೆಗೆ ಟೆಕ್ನೀಷಿಯನ್ ಉಮೇಶ. ಉಮೇಶ ನನ್ನದೇ ವಯಸ್ಸಿನವರು, ಕೇಳಿದರೆ ಮಾತ್ರ ಮಾತಾಡುವ ಜನ. ನಿವೃತ್ತಳಾದ ಮೇಲೆ ಎಷ್ಟೋ ಕೆಲಸಗಳು ಮರೆತುಹೋಗಿವೆ. ಮೇಲ್ಕೊಡಿಗೆಯದು ಮಾತ್ರ ಮರೆತಿಲ್ಲ.

ಮೇಲ್ಕೊಡಿಗೆ ಬಸರೀಕಟ್ಟೆಯಿಂದ ಒಳಗೆ, ಕಣಿವೆಯೊಂದರಲ್ಲಿ ಚದುರಿದಂತೆ ಇರುವ ಊರು. ಅಲ್ಲಿಗೆ ಟವರ್ ಬಂದು ಹೆಚ್ಚು ಕಾಲವಾಗಿರಲಿಲ್ಲ. ಟವರ್ ಬರುವ ಮುಂಚೆ ಫೋನ್ ಮಾಡಬೇಕಾದರೆ ಜನ ಗುಡ್ಡ ಹತ್ತಿ ಒಂದು ಬಂಡೆಯ ಮೇಲೆ ನಿಲ್ಲಬೇಕಿತ್ತು. ಅಲ್ಲಿ ನಿಂತರೆ ದೂರದ ಇನ್ನೊಂದು ಟವರಿನ ಸಿಗ್ನಲ್ ಸಿಗುತ್ತಿತ್ತು. ಎಲ್ಲರೂ ಅಲ್ಲಿ ಹಲೋ ಹಲೋ ಎಂದು ಕೂಗಿ ಕೂಗಿ ಆ ಬಂಡೆಗೆ 'ಹಲೋ ಕಲ್ಲು' ಎಂದೇ ಹೆಸರು ಬಿದ್ದಿತ್ತು. ಟವರ್ ಬಂದ ಮೇಲೆ ಹಲೋ ಕಲ್ಲಿನ ದಾರಿಯಲ್ಲಿ ಲಂಟಾನದ ಪೊದೆ ಬೆಳೆಯಿತು.

ಆ ವರ್ಷ ಜನವರಿಯಿಂದಲೇ ಮೇಲ್ಕೊಡಿಗೆಯಿಂದ ದೂರು ಬರುತ್ತಿತ್ತು. ನೆಟ್ ಸ್ಲೋ. ಫೋಟೋ ಹೋಗುವುದಿಲ್ಲ. ಮಾತು ಕಟ್ ಆಗುತ್ತದೆ. ನಮ್ಮ ಮೇಲಿನ ಕಚೇರಿಯವರು ಕಂಪ್ಯೂಟರಿನಲ್ಲಿ ನೋಡಿ 'ಕಂಜೆಷನ್' ಎಂದು ಬರೆದು ಕೈ ತೊಳೆದುಕೊಂಡರು. ಕಂಜೆಷನ್ ಎಂದರೆ ದಟ್ಟಣೆ. ಕಾಡು, ಗುಡ್ಡ ದಾಟಿ ದೂರ ಹೋಗಬಲ್ಲ ತರಂಗಗಳ ಪಟ್ಟಿ, ಅಂದರೆ ಬ್ಯಾಂಡ್, 900 ಮೆಗಾಹರ್ಟ್ಸ್‌ನದು. ಮಲೆನಾಡಿನ ಒಳಗಿನ ಟವರ್‌ಗಳಲ್ಲಿ ಹೆಚ್ಚಿನ ಫೋನುಗಳು ಆ ಒಂದೇ ಕಿರಿದಾದ ಬ್ಯಾಂಡಿನಲ್ಲಿ ಮುಗಿಬೀಳುತ್ತವೆ ಎನ್ನುವುದು ನಿಜ. ಆದರೆ ಬೆರಳೆಣಿಕೆಯ ಮನೆಗಳ ಊರಿನಲ್ಲಿ ದಟ್ಟಣೆ ಮಾಡಲು ಜನ ಎಲ್ಲಿಂದ ಬರಬೇಕು? ನಾನು ಕೇಳಿದೆ. 'ಮೇಡಂ, ಲೋಡ್ ತೋರಿಸ್ತಾ ಇದೆ' ಎಂಬ ಉತ್ತರ ಬಂತು. ನನಗೆ ಮೂರು ತಾಲ್ಲೂಕು, ಒಂದು ಜೀಪು. ಮೇಲ್ಕೊಡಿಗೆಯ ಸರದಿ ಹಿಂದೆ ಬಿದ್ದಿತು.

ಏಪ್ರಿಲ್ ತಿಂಗಳಲ್ಲಿ ಒಬ್ಬ ಹೆಂಗಸು ಬಸ್ ಹತ್ತಿ ಬಾಳಗಡಿಯ ಕಚೇರಿಗೇ ಬಂದರು. ಹೆಸರು ಲಲಿತಾ, ಮೇಲ್ಕೊಡಿಗೆಯ ಅಂಗನವಾಡಿ ಕಾರ್ಯಕರ್ತೆ. ಗಂಡ ಸುಧಾಕರ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿಂತೇ ಹೇಳಿದರು.

ಸುಧಾಕರ ಮತ್ತು ಅವರ ಅಣ್ಣ ನಾಗರಾಜ ತಮ್ಮ ತೋಟದಲ್ಲಿ ಕರಿಮೆಣಸು ಕೊಯ್ಯುತ್ತಿದ್ದರು. ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ಸುಧಾಕರ ಕೆಳಗೆ ಬಿದ್ದರು. ಪ್ರಜ್ಞೆ ಇತ್ತು, ಮಾತಾಡುತ್ತಿದ್ದರು, ನೀರು ಕೇಳಿದರು. ಕೂಗು ಕೇಳಿ ಅಂಗನವಾಡಿಯಿಂದ ಓಡಿ ಬಂದ ಲಲಿತಾ ಮೊದಲು ಆಂಬುಲೆನ್ಸಿಗೆ, ಆಮೇಲೆ ಬಸರೀಕಟ್ಟೆಯ ಜೀಪಿನವರಿಗೆ, ಆಮೇಲೆ ಗೊತ್ತಿದ್ದ ಎಲ್ಲ ನಂಬರಿಗೂ ಫೋನ್ ಮಾಡಿದರು. ಒಂದೂ ಹೋಗಲಿಲ್ಲ.

"ಫೋನಲ್ಲಿ ನಾಲ್ಕಕ್ಕೆ ನಾಲ್ಕು ಕಡ್ಡಿ ಇತ್ತು ಮೇಡಂ. ಕಾಲ್ ಹೋಗ್ತಾ ಉಂಟು ಅಂತ ಅನ್ಸೋದು, ಕಟ್ ಆಗೋದು. ಕಡ್ಡಿ ಉಂಟಲ್ಲ, ಈಗ ಹೋಗ್ತದೆ, ಈಗ ಹೋಗ್ತದೆ ಅಂತ ಅಲ್ಲೇ ನಿಂತೆ. ಕಡ್ಡಿ ಇಲ್ದೆ ಇದ್ರೆ ಹಲೋ ಕಲ್ಲಿಗಾದ್ರೂ ಓಡ್ತಿದ್ದೆ."

ತಮ್ಮನನ್ನು ಬಿಟ್ಟು ಹೋಗಲು ಮನಸ್ಸಿಲ್ಲದೆ ಕೂತಿದ್ದ ನಾಗರಾಜ ಕೊನೆಗೆ ಬೈಕ್ ಹತ್ತಿ ಬಸರೀಕಟ್ಟೆಗೆ ಹೋಗಿ ಜೀಪು ತಂದರು. ಕೊಪ್ಪದ ಆಸ್ಪತ್ರೆ ತಲುಪುವ ಮುಂಚೆಯೇ ಸುಧಾಕರ ಜೀಪಿನಲ್ಲೇ ಜೀವ ಬಿಟ್ಟರು. ಹೊಟ್ಟೆಯ ಒಳಗೆ ರಕ್ತ ಸೋರಿತ್ತಂತೆ. ಸ್ವಲ್ಪ ಬೇಗ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಡಾಕ್ಟರು ಈ ಮಾತು ಹೇಳದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

"ಪರಿಹಾರ ಗಿರಿಹಾರ ಕೇಳೋಕೆ ಬಂದದ್ದಲ್ಲ ನಾನು. ಎಂತಕ್ಕೆ ಹೋಗ್ಲಿಲ್ಲ ಅಂತ ಹೇಳಿ, ಸಾಕು," ಎಂದರು ಲಲಿತಾ.

ಕಾರಣ ಹುಡುಕುತ್ತೇನೆ, ಸಿಕ್ಕಿದರೆ ನಿಮ್ಮ ಕಣ್ಣಿಗೇ ತೋರಿಸುತ್ತೇನೆ ಎಂದೆ. ಮೂರು ತಿಂಗಳಿಂದ ಕಂಜೆಷನ್ ಎಂದು ಬರೆದು ಕೂತಿದ್ದವರ ಮೇಲೆ ನನಗೆ ಅಷ್ಟು ಸಿಟ್ಟು ಬಂದಿತ್ತು.

ಅವರು ಹೋದ ಮೇಲೆ ಆ ಟವರಿನ ದಾಖಲೆ ತೆಗೆದು ಕೂತೆ. ಪ್ರತಿ ಟವರಿನಲ್ಲೂ ಅಪ್‌ಲಿಂಕ್ ನಾಯ್ಸ್ ಎನ್ನುವುದೊಂದನ್ನು ಅಳೆಯುತ್ತಾರೆ. ಫೋನ್ ಟವರಿಗೆ ಕಳಿಸುವ ಸಂಕೇತ ಅಪ್‌ಲಿಂಕ್. ಅದು ಬರುವ ದಾರಿಯಲ್ಲಿರುವ ಗದ್ದಲ ನಾಯ್ಸ್. ಮೇಲ್ಕೊಡಿಗೆಯ ಟವರಿನ ಕಿವಿಯಲ್ಲಿ ವಿಪರೀತ ಗದ್ದಲವಿತ್ತು. ಫೋನುಗಳು ಕೂಗುತ್ತಿದ್ದವು, ಟವರಿಗೆ ಕೇಳುತ್ತಿರಲಿಲ್ಲ. ಕೇಳದ್ದನ್ನು ಮತ್ತೆ ಮತ್ತೆ ಕಳಿಸಿ ಕಳಿಸಿ ಲೋಡ್ ಏರುತ್ತಿತ್ತು. ಮೇಲಿನವರು ಕಂಡ ದಟ್ಟಣೆ ಇದು. ವಿಚಿತ್ರವೆಂದರೆ ದಿನದಲ್ಲಿ ಕೆಲವು ಸಲ ಗದ್ದಲ ಇದ್ದಕ್ಕಿದ್ದಂತೆ ನಿಂತು, ಮತ್ತೆ ಹಾಗೇ ಶುರುವಾಗುತ್ತಿತ್ತು. ಉಮೇಶರಿಗೆ ತೋರಿಸಿದೆ. ಅವರು ನಕ್ಕರು.

"ಕರೆಂಟ್ ಹೋದ್ರೆ ನೆಟ್ ಬರ್ತದೆ ಅಂತ ಮೇಲ್ಕೊಡಿಗೆಯವ್ರು ತಮಾಷೆ ಮಾಡ್ತಾರೆ ಮೇಡಂ."

ಆ ತಮಾಷೆಯೇ ಉತ್ತರವಾಗಿತ್ತು. ಕರೆಂಟ್ ಹೋದರೂ ಟವರ್ ಬ್ಯಾಟರಿಯಲ್ಲಿ ಓಡುತ್ತದೆ. ಗದ್ದಲ ನಿಲ್ಲುತ್ತದೆ ಎಂದರೆ ಅದನ್ನು ಮಾಡುವುದು ಯಾವುದೋ ಮನೆಯ ಪ್ಲಗ್ಗಿನಲ್ಲಿದೆ. ಅದು ಬೂಸ್ಟರ್ ಎನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ಬೂಸ್ಟರ್ ಎಂದರೆ ಮನೆಯ ಹೊರಗೊಂದು ಆಂಟೆನಾ, ಒಳಗೊಂದು ಆಂಟೆನಾ, ನಡುವೆ ಸಿಗ್ನಲ್ ಹಿಗ್ಗಿಸುವ ಒಂದು ಪೆಟ್ಟಿಗೆ. ಅನುಮತಿ ಇಲ್ಲದೆ ಇಡುವುದು ಕಾನೂನಿಗೆ ವಿರುದ್ಧ. ಆದರೂ ಪೇಟೆಯ ಅಂಗಡಿಗಳಲ್ಲಿ ಮಿಕ್ಸಿ ಮಾರಿದ ಹಾಗೆ ಮಾರುತ್ತಾರೆ. ಎರಡು ಆಂಟೆನಾಗಳ ನಡುವೆ ಗೋಡೆ, ತಾರಸಿ, ಸಾಕಷ್ಟು ದೂರ ಇರಬೇಕು. ಹತ್ತಿರವಾದರೆ ಒಂದರಿಂದ ಹೊರಟದ್ದು ಇನ್ನೊಂದಕ್ಕೆ ನುಗ್ಗಿ, ಅಲ್ಲಿಂದ ಮತ್ತೆ ಹಿಗ್ಗಿ, ಪೆಟ್ಟಿಗೆ ಬಿಡುವಿಲ್ಲದೆ ಅರಚತೊಡಗುತ್ತದೆ. ಸಭೆಯಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಕುಂಯ್ ಎನ್ನುತ್ತದಲ್ಲ, ಅದೇ. ಈ ಕುಂಯ್ ನಮ್ಮ ಕಿವಿಗೆ ಕೇಳುವುದಿಲ್ಲ, ಟವರಿಗೆ ಮಾತ್ರ ಕೇಳುತ್ತದೆ. ಒಂದು ಮನೆಯ ಪೆಟ್ಟಿಗೆ ಇಡೀ ಕಣಿವೆಯ ಬಾಯಿ ಕಟ್ಟಬಲ್ಲದು.

ಎರಡು ದಿನ ಬಿಟ್ಟು ಬೆಳಿಗ್ಗೆ ಮೇಲ್ಕೊಡಿಗೆಗೆ ಹೋದೆವು. ನನ್ನ ಹತ್ತಿರ ಸ್ಪೆಕ್ಟ್ರಮ್ ಅನಲೈಸರ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವಿತ್ತು. ಅದಕ್ಕೆ ಮೀನಿನ ಮುಳ್ಳಿನಂಥ ಆಂಟೆನಾ ಸಿಕ್ಕಿಸಿ ಸುತ್ತ ತಿರುಗಿಸಿದರೆ, ಗದ್ದಲ ಬರುವ ದಿಕ್ಕಿನಲ್ಲಿ ಪರದೆಯ ಗೆರೆ ಏರುತ್ತದೆ. ಅನುಮಾನದ ಮನೆಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿಸಬೇಕು. ಗೆರೆ ಇಳಿದರೆ ಕಳ್ಳ ಸಿಕ್ಕಿದ ಹಾಗೆ.

ಲಲಿತಾ ತಮ್ಮ ಮನೆಯ ಅಂಗಳದಲ್ಲಿ ಕಾದು ನಿಂತಿದ್ದರು. ಜೊತೆಗೆ ಭಾವ ನಾಗರಾಜ, ಊರಿನ ಇನ್ನಷ್ಟು ಜನ. ತಾನೂ ಜೊತೆಗೆ ಬರುತ್ತೇನೆ ಎಂದರು ಲಲಿತಾ. ಮಾತು ಕೊಟ್ಟಿದ್ದೆನಲ್ಲ, ಕರೆದುಕೊಂಡೆ. ಪರದೆ ಓದುವುದನ್ನೂ ಹೇಳಿಕೊಟ್ಟೆ. ಗೆರೆ ಮೇಲಿದ್ದರೆ ಟವರಿಗೆ ಕಿವುಡು, ಕೆಳಗಿಳಿದರೆ ಕೇಳುತ್ತದೆ. ಫೋನಿನ ಕಡ್ಡಿಯ ಗುಟ್ಟನ್ನೂ ಬಿಡಿಸಿ ಹೇಳಿದೆ. ಟವರ್ ಆಡಿದ್ದು ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎನ್ನುವುದನ್ನಷ್ಟೇ ಕಡ್ಡಿ ತೋರಿಸುತ್ತದೆ. ಫೋನ್ ಆಡಿದ್ದು ಟವರಿಗೆ ಕೇಳಿತೋ ಇಲ್ಲವೋ, ಕಡ್ಡಿಗೆ ಗೊತ್ತಿಲ್ಲ. ಅವರು ಎರಡೆರಡು ಸಲ ಕೇಳಿ ಅರ್ಥ ಮಾಡಿಕೊಂಡರು. ಮಕ್ಕಳಿಗೆ ಪಾಠ ಹೇಳುವವರು, ಬೇಗ ತಿಳಿಯಿತು.

ಊರಿನವರ ಅನುಮಾನ ಆಗಲೇ ಒಂದು ಕಡೆ ಗಟ್ಟಿಯಾಗಿ ಕೂತಿತ್ತು. ಮೇಲಿನ ದಿಬ್ಬದಲ್ಲಿ ಹರ್ಷ ಎಂಬವರ ಹೋಂಸ್ಟೇ. ಅದರ ಮಾಡಿನ ಮೇಲೆ ದೊಡ್ಡ ಆಂಟೆನಾ ಎದ್ದು ಕಾಣುತ್ತಿತ್ತು. ನಾಗರಾಜ ನಮಗಿಂತ ಮುಂದೆ ಹೋಗಿ ಗೇಟು ತಳ್ಳಿ ಒಳಗೆ ನುಗ್ಗಿದರು.

"ನಿನ್ನ ಗೆಸ್ಟ್‌ಗಳಿಗೆ ನೆಟ್ ಬೇಕು ಅಂತ ನನ್ನ ತಮ್ಮನ್ನ ತಿಂದ್ಯಲ್ಲೋ!"

ಹರ್ಷರ ಮುಖ ಬಿಳಿಚಿತು. ಬೂಸ್ಟರ್ ಇಟ್ಟದ್ದು ಹೌದು ಎಂದು ಒಪ್ಪಿಕೊಂಡರು. ನಾಗರಾಜರ ಕೈ ಅವರ ಕೊರಳಪಟ್ಟಿಗೆ ಹೋಗುವುದರಲ್ಲಿತ್ತು. ನಾನು ನಡುವೆ ನಿಂತು, ಮೊದಲು ಸ್ವಿಚ್ ಆಫ್ ಮಾಡಿ ನೋಡೋಣ ಎಂದು ಗದರಿಸಿದೆ. ಆಫ್ ಮಾಡಿದರು. ಗೆರೆ ಕೂದಲೆಳೆಯಷ್ಟು ಕದಲಿ ಅಲ್ಲೇ ನಿಂತಿತು.

"ಸರಿಯಾಗಿ ನೋಡಿ ಮೇಡಂ, ಇವಂದೇ," ಎಂದರು ನಾಗರಾಜ.

"ಭಾವ, ಗೆರೆ ಇಳಿಲಿಲ್ಲ," ಎಂದರು ಲಲಿತಾ. ಯಾರ ಮೇಲೂ ಸಿಟ್ಟಿಲ್ಲದ ದನಿ. "ಇವರದ್ದಲ್ಲ."

ಎದುರಿಗೆ ಸಿಕ್ಕಿದವನ ಮೇಲೆ ಎಲ್ಲ ಹೊರಿಸಿ ಹಗುರಾಗಬಹುದಿತ್ತು ಆಕೆ. ಊರೆಲ್ಲ ಅದನ್ನೇ ಬಯಸಿತ್ತು. ಹಾಗೆ ಮಾಡಲಿಲ್ಲ. ಆ ಹೊತ್ತಿಗೆ ಅವರ ಮೇಲೆ ನನಗೆ ಹುಟ್ಟಿದ ಗೌರವ ಹೇಳಿ ತೀರುವಂಥದ್ದಲ್ಲ. ಹರ್ಷರ ಪೆಟ್ಟಿಗೆ ಚೆನ್ನಾಗಿ ಜೋಡಿಸಿದ್ದು, ಅರಚುತ್ತಿರಲಿಲ್ಲ. ಆದರೂ ಅಕ್ರಮವೇ, ಉಮೇಶ ಕಳಚಿ ಜೀಪಿಗೆ ಹಾಕಿದರು.

ದಿಬ್ಬದ ಅಂಚಿನಲ್ಲಿ ನಿಂತು ಆಂಟೆನಾ ತಿರುಗಿಸಿದೆ. ಗೆರೆ ಕೆಳಗಿನ ಬಯಲಿನ ಕಡೆಗೆ ನೆಟ್ಟಗೆ ಎದ್ದಿತು. ಅಲ್ಲಿ ಇದ್ದದ್ದು ಅಂಗನವಾಡಿ, ಅದಕ್ಕೆ ತಾಗಿದಂತೆ ಶೀಟಿನ ಮಾಡಿನ ಒಂದು ಮನೆ. ಆ ಮನೆಯ ಅಂಗಳದಲ್ಲೇ ಬೆಳಿಗ್ಗೆ ನಾನು ಚಪ್ಪಲಿ ಬಿಟ್ಟು ಕಾಫಿ ಕುಡಿದಿದ್ದೆ. ಉಮೇಶ ನನ್ನ ಮುಖ ನೋಡಿದರು. ನಾನು ಆಂಟೆನಾ ಇಳಿಸಿಬಿಟ್ಟೆ.

"ಬ್ಯಾಟರಿ ಇಳೀತಾ ಇದೆ. ನಾಳೆ ಮತ್ತೆ ಬರೋಣ," ಎಂದೆ.

ಲಲಿತಾ ಪರದೆಯನ್ನೂ ನೋಡಿದ್ದರು, ಆಂಟೆನಾ ಹೋದ ದಿಕ್ಕನ್ನೂ ನೋಡಿದ್ದರು.

"ಆ ಕಡೆ ಇರೋದು ನಮ್ಮನೆ ಮಾತ್ರ ಮೇಡಂ."

ಅವರೇ ಮುಂದೆ ಇಳಿದು ನಡೆದರು. ನಾವು ಹಿಂದೆ ಹೋದೆವು. ಮನೆಯ ಪಕ್ಕದ ಗೋಡೆಗೆ ಬಂದು ನೋಡಿದರೆ, ಒಂದೇ ಕಬ್ಬಿಣದ ಪೈಪಿಗೆ ಎರಡೂ ಆಂಟೆನಾ ಕಟ್ಟಿತ್ತು, ಒಂದಕ್ಕೊಂದು ಮೊಳದಷ್ಟು ದೂರ. ಒಳಗಿರಬೇಕಾದ ಆಂಟೆನಾ ಮಾಡಿನ ಅಂಚಿಗೆ ಬಂದು ಅಂಗನವಾಡಿಯ ಕಡೆ ಮುಖ ಮಾಡಿತ್ತು.

ಲಲಿತಾ ವಿವರಿಸಿದರು, ಯಾರೋ ವಿಳಾಸ ಕೇಳಿದಾಗ ಹೇಳುವಷ್ಟು ಸಾದಾ ದನಿಯಲ್ಲಿ. ಅಂಗನವಾಡಿಯ ಮಕ್ಕಳ ಹಾಜರಿ, ಊಟದ ಫೋಟೋ ಎಲ್ಲ ದಿನವೂ ಮೊಬೈಲಿನಲ್ಲಿ ಕಳಿಸಬೇಕು. ಕಳಿಸದಿದ್ದರೆ ಮೇಲಿನವರು ಕಾರಣ ಕೇಳುತ್ತಾರೆ. ಅಂಗನವಾಡಿಯ ಕಾಂಕ್ರೀಟ್ ಮಾಡಿನ ಕೆಳಗೆ ಸಿಗ್ನಲ್ ಇಲ್ಲ. ದಿನವೂ ಫೋನ್ ಹಿಡಿದು ರಸ್ತೆಗೆ ಓಡುವ ಹೆಂಡತಿಯನ್ನು ನೋಡಲಾರದೆ ಸುಧಾಕರ ಪೇಟೆಯಿಂದ ಬೂಸ್ಟರ್ ತಂದರು. ಮನೆಯೊಳಗೆ ಇಟ್ಟಾಗ ಅದು ಅಂಗನವಾಡಿಗೆ ಮುಟ್ಟಲಿಲ್ಲ. ಜನವರಿಯಲ್ಲಿ ಒಳಗಿನ ಆಂಟೆನಾವನ್ನೂ ಹೊರಗೆ ತಂದು ಕಟ್ಟಿದರು. ಅಂಗನವಾಡಿಯಲ್ಲಿ ನಾಲ್ಕು ಕಡ್ಡಿ ಬಂತು. ಫೋಟೋ ಆಗೊಮ್ಮೆ ಈಗೊಮ್ಮೆ ಹೋಗುತ್ತಿತ್ತು. ಹೋಗದಿದ್ದಾಗ ತಪ್ಪು ಟವರಿನದು ಎಂದುಕೊಂಡರು. ಕಡ್ಡಿ ತುಂಬಿರುವಾಗ ಬೂಸ್ಟರನ್ನು ಯಾರು ಅನುಮಾನಿಸುತ್ತಾರೆ? ತೊಂದರೆ ಹೋಂಸ್ಟೇಯ ದೊಡ್ಡ ಆಂಟೆನಾದ್ದೇ ಎಂದುಕೊಂಡಿದ್ದ ಅವರಿಗೆ ತಮ್ಮನೆಯ ಈ ಸಣ್ಣದು ನೆನಪಿಗೇ ಬಂದಿರಲಿಲ್ಲ.

"ಅವ್ರೇ ಕಟ್ಟಿದ್ದು," ಎಂದು ಒಳಗೆ ಹೋದರು. ಮೇನ್ ಸ್ವಿಚ್ ಬಾಗಿಲಿನ ಹಿಂದೆ ಇತ್ತು. ಟಕ್ ಎಂದಿತು.

ನನ್ನ ಕೈಯಲ್ಲಿದ್ದ ಪರದೆಯ ಗೆರೆ ಕಲ್ಲು ಬಿದ್ದ ಹಾಗೆ ಕೆಳಗೆ ಬಿತ್ತು.

"ಇಳೀತಾ ಮೇಡಂ?" ಒಳಗಿಂದ ದನಿ.

ಸುಳ್ಳು ಹೇಳಬಹುದಿತ್ತೇ? ನಾಗರಾಜ ನನ್ನ ಭುಜದ ಪಕ್ಕದಲ್ಲೇ ನಿಂತು ಪರದೆ ನೋಡುತ್ತಿದ್ದರು.

"ಇಳೀತು," ಎಂದೆ.

ಮತ್ತೆ ಟಕ್. "ಈಗ?"

"ಏರ್ತು."

ಮತ್ತೆ ಟಕ್. "ಈಗ?"

ನಾನು ಯಂತ್ರವನ್ನು ಉಮೇಶರ ಕೈಗೆ ಕೊಟ್ಟೆ. ಉಮೇಶ ಉತ್ತರ ಕೊಟ್ಟರು. "ಇಳೀತಕ್ಕ. ಸಾಕು, ಹೊರಗೆ ಬನ್ನಿ."

ಅವರು ಬಂದು ಬಾಗಿಲಿಗೆ ಒರಗಿ ನಿಂತರು. ಅಳಲಿಲ್ಲ. ಅತ್ತಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಆವತ್ತು ನಾನು ಇದನ್ನ ಆಫ್ ಮಾಡಿದ್ರೆ ಕಾಲ್ ಹೋಗ್ತಿತ್ತಾ?"

"ಹೋಗ್ತಿತ್ತು," ಎಂದೆ. ಪರದೆ ಓದಲು ಕಲಿತವರ ಎದುರು ಬೇರೆ ಏನು ಹೇಳಲಿ? "ಆದ್ರೆ ಅದು ನಿಮಗೆ ಗೊತ್ತಾಗೋ ದಾರಿನೇ ಇರಲಿಲ್ಲ. ನಮಗೇ ಗೊತ್ತಾಗಿರಲಿಲ್ಲ."

ಎರಡನೆಯ ಮಾತು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಹಿಂದೆ ನಿಂತಿದ್ದ ಗುಂಪಿನಲ್ಲಿ ಒಬ್ಬ, ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ಸಿದ್ಲಲ್ಲ ಮಾರಾಯ, ಎಂದು ಗೊಣಗಿದ. ನಾಗರಾಜ ತಿರುಗಿದರು. ಹರ್ಷರ ಗೇಟು ತಳ್ಳಿದ ಮನುಷ್ಯನೇ ಇವರು ಎಂದು ನಂಬುವುದು ಕಷ್ಟವಾಯಿತು. ಮುಖ ಅಷ್ಟು ಇಳಿದುಹೋಗಿತ್ತು.

"ಬಾಯಿ ಮುಚ್ಚೋ. ಕಟ್ಟಿದ್ದು ನನ್ನ ತಮ್ಮ. ಅವತ್ತು ಏಣಿ ಹಿಡಿದಿದ್ದು ನಾನು. ಅವಳಿಗೆ ಎಂತ ಹೇಳೋದಿದ್ರೂ ನನಗೆ ಹೇಳು."

ಗುಂಪು ಮೆಲ್ಲಗೆ ಕರಗಿತು. ಉಮೇಶ ಪೈಪಿನಿಂದ ಆಂಟೆನಾ ಬಿಚ್ಚತೊಡಗಿದರು. ಸುಧಾಕರ ಅದನ್ನು ಗಾಳಿಗೆ ಅಲುಗಾಡದ ಹಾಗೆ ತಂತಿ ಸುತ್ತಿ ಭದ್ರವಾಗಿ ಬಿಗಿದಿದ್ದರು. ಬಿಚ್ಚಲು ತುಂಬ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಲಲಿತಾ ನೋಡುತ್ತಲೇ ನಿಂತಿದ್ದರು. ಪೆಟ್ಟಿಗೆಯನ್ನು ಜೀಪಿಗೆ ಹಾಕುವಾಗ ಒಂದೇ ಪ್ರಶ್ನೆ ಕೇಳಿದರು.

"ನಾಳೆ ಮಕ್ಕಳ ಫೋಟೋ ಎಲ್ಲಿಂದ ಹಾಕ್ಲಿ ಮೇಡಂ?"

ನಮ್ಮ ಸಂಸ್ಥೆಯ ನಕ್ಷೆಯಲ್ಲಿ ಮೇಲ್ಕೊಡಿಗೆ ಪೂರ್ತಿ ಹಸಿರು. ಹಸಿರು ಎಂದರೆ ಅಲ್ಲಿ ಎಲ್ಲ ಸರಿಯಾಗಿದೆ ಎಂದು ಅರ್ಥ. ಆ ಅಂಗನವಾಡಿಯ ಒಳಗೆ ನಿಂತು ಅಳೆದು ನಕ್ಷೆ ಬರೆದವರು ಯಾರೂ ಇಲ್ಲ. ವಾಪಸು ಬಂದು ವರದಿಯಲ್ಲಿ ಇದನ್ನೇ ಬರೆದೆ. ಮೇಲಿನವರಿಗೆ ಬೇಕಾಗಿದ್ದದ್ದು ಬೂಸ್ಟರ್ ಇಟ್ಟವರ ಹೆಸರು, ಕೇಸು. ಇಟ್ಟವರು ಬದುಕಿಲ್ಲ ಎಂದು ತಿಳಿಸಿದೆ. ಆಮೇಲೆ ಅವರೂ ಸುಮ್ಮನಾದರು. ಟವರಿನ ಒಂದು ಆಂಟೆನಾವನ್ನು ಬಯಲಿನ ಕಡೆಗೆ ಬಾಗಿಸಿ ಕೊಡುವಷ್ಟು ನನ್ನ ಕೈಲಿತ್ತು, ಅದನ್ನು ಮಾಡಿದೆ. ಅಂಗನವಾಡಿಯ ಕಿಟಕಿಯ ತನಕ ಸಿಗ್ನಲ್ ಬಂತು. ಒಳಗೆ ಬರಲಿಲ್ಲ.

ಮೇ ಕೊನೆಯಲ್ಲಿ ಮತ್ತೊಮ್ಮೆ ಅಳೆಯಲು ಹೋದಾಗ ಲಲಿತಾ ಕಿಟಕಿಯ ಹೊರಗೆ ಫೋನ್ ಚಾಚಿ ನಿಂತಿದ್ದರು. ಒಳಗೆ ಮಕ್ಕಳು ಗಲಾಟೆ ಮಾಡುತ್ತಿದ್ದವು. ನನ್ನನ್ನು ಕಂಡು ಹೊರಗೆ ಬಂದರು. ಸೊರಗಿದ್ದರು. ನೆಟ್ ಹೇಗಿದೆ ಎಂದು ಕೇಳಿದೆ, ಬೇರೆ ಏನು ಕೇಳಬೇಕೋ ತೋಚದೆ.

"ಮೊನ್ನೆ ಆಚೆ ಮನೆ ಹುಡುಗಿಗೆ ಹೆರಿಗೆ ನೋವು ಬಂತು. ಜೀಪಿಗೆ ನಾನೇ ಫೋನ್ ಮಾಡಿದ್ದು. ಒಂದೇ ಸಲಕ್ಕೆ ಹೋಯ್ತು ಮೇಡಂ." ಫೋನನ್ನು ಸೆರಗಿನಲ್ಲಿ ಒರೆಸುತ್ತಾ ಮತ್ತೆ ಹೇಳಿದರು. "ಒಂದೇ ಸಲಕ್ಕೆ."

ಆಗ ಅತ್ತರು. ಮಕ್ಕಳಿಗೆ ಕಾಣದ ಹಾಗೆ ಗೋಡೆಯ ಕಡೆ ತಿರುಗಿ ಅತ್ತರು. ನಾನು ಪಕ್ಕದಲ್ಲಿ ನಿಂತಿದ್ದೆ, ಅಷ್ಟೆ.

ಕಾರಣ ಹುಡುಕುವುದು ನಮ್ಮ ಕೆಲಸ. ಸಿಕ್ಕಿದ ದಿನ ನಾವು ಯಂತ್ರ ಮಡಚಿ ಜೀಪು ಹತ್ತುತ್ತೇವೆ. ಆ ಕಾರಣದ ಜೊತೆ ಬದುಕಬೇಕಾದವರು ಅಲ್ಲೇ ಉಳಿಯುತ್ತಾರೆ. ಉಳಿದ ಸರ್ವೀಸಿನಲ್ಲಿ ಶೃಂಗೇರಿ ಕಡೆಯ ಮೆಣಸೆಯ ಸುತ್ತಮುತ್ತ, ನರಸಿಂಹರಾಜಪುರದ ಕಡೆ ಇನ್ನೂ ಎಷ್ಟೋ ಬೂಸ್ಟರ್ ಕಳಚಿದೆ. ಎಲ್ಲಿಯೂ ಮೊದಲು ಸ್ವಿಚ್ಚಿಗೆ ಕೈ ಹಾಕಲಿಲ್ಲ. ಜಗಲಿಯಲ್ಲಿ ಕೂತು, ಇದನ್ನು ಯಾಕೆ ಹಾಕಿಸಿದಿರಿ ಎಂದು ಕೇಳಿದೆ. ಹಾಸಿಗೆ ಹಿಡಿದ ತಾಯಿಗೆ ದೂರದ ಮಗಳ ಮುಖ ತೋರಿಸಲು. ಪರೀಕ್ಷೆಗೆ ಓದುವ ತಂಗಿಗಾಗಿ. ಕಿವಿ ಮಂದವಾದ ಅಜ್ಜನಿಗೆ ಮಾತು ಕೇಳಲಿ ಎಂದು. ತನಗೋಸ್ಕರ ಕಟ್ಟಿಕೊಂಡವರು ನನಗೆ ಒಬ್ಬರೂ ಸಿಗಲಿಲ್ಲ.